ನಲವತ್ತೊಂದನೇ ಕ್ಯಾಸೆಟ್ಟಿನ ಮಾತು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಈ ಪ್ರಕರಣವನ್ನು ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ ಗೊತ್ತಿಲ್ಲ. ಆಗ ನಾನು ಠಾಣೆಯಲ್ಲಿ ರೈಟರ್ ಆಗಿದ್ದೆ. ಅಂದರೆ ಬೇರೆಯವರು ಹೇಳಿದ್ದನ್ನು ಬರೆದುಕೊಳ್ಳುವವನು. ಓದಿದ್ದು ಸಂಜೆ ಕಾಲೇಜಿನಲ್ಲಿ, ಅದೂ ಡ್ಯೂಟಿ ಮುಗಿಸಿ ಹೋಗಿ, ಅರ್ಧ ಪಾಠ ತೂಕಡಿಕೆಯಲ್ಲಿ ಕಳೆದು. ಕತೆ ಕಟ್ಟಿ ಅಭ್ಯಾಸವಿಲ್ಲ. ಒಂದು ಎಚ್ಚರ ಮಾತ್ರ ವಹಿಸಿದ್ದೇನೆ. ಇಲ್ಲಿ ಉದ್ಧರಣ ಚಿಹ್ನೆಯೊಳಗೆ ಬರುವ ಮಾತುಗಳು ನಾನೇ ಕೇಳಿದವು, ಓದಿದವು, ಇಲ್ಲವೇ ಕೇಳಿದವರು ಅದೇ ದಿನ ನನಗೆ ಬರೆಸಿದವು. ಉಳಿದದ್ದನ್ನು ಬರಿದೇ ಹೇಳಿಕೊಂಡು ಹೋಗಿದ್ದೇನೆ. ಈ ಪ್ರಕರಣ ಆದಮೇಲೆ ಅಷ್ಟು ಎಚ್ಚರವಿಲ್ಲದೆ ಬರೆಯಲು ನನಗೆ ಕೈ ಬರುವುದಿಲ್ಲ.

ದೂರು ಬಂದದ್ದು ಒಂದು ಸೋಮವಾರ ಬೆಳಿಗ್ಗೆ ಹತ್ತೂವರೆಗೆ. ದೂರುದಾರೆ ಐವತ್ತರ ಆಸುಪಾಸಿನ ಹಲ್ಲಿನ ಡಾಕ್ಟರು. ಅವರು ಒಳಗೆ ಬಂದಾಗ ನಮ್ಮ ಪೇದೆ ಹೆಂಗಸು ಕೈಯಿಂದ ಬಾಯಿ ಮುಚ್ಚಿಕೊಂಡು ಕುರ್ಚಿ ಕೊಟ್ಟಳು. ಒಂದು ದವಡೆ ಹಲ್ಲು ಕೀಳಿಸಬೇಕೆಂದು ವರ್ಷದಿಂದ ಮುಂದೂಡುತ್ತಿದ್ದವಳು ಅವಳು. ಈ ಪೇದೆಯನ್ನು ಠಾಣೆಯಲ್ಲಿ ಎಲ್ಲರೂ ರೇಡಿಯೋ ಅನ್ನುತ್ತಿದ್ದರು. ಬೆಳಿಗ್ಗೆ ಶುರುವಾದರೆ ಡ್ಯೂಟಿ ಮುಗಿಯುವವರೆಗೆ ನಿಲ್ಲುತ್ತಿರಲಿಲ್ಲ.

ಡಾಕ್ಟರ ತಂದೆಯನ್ನು ಊರಲ್ಲಿ ಗೊತ್ತಿಲ್ಲದವರಿರಲಿಲ್ಲ. ಆಳು ಕುಳ್ಳಗಿದ್ದುದರಿಂದ ಚಿಕ್ಕ ಮೇಷ್ಟ್ರು ಎಂದೇ ಹೆಸರಾದವರು. ದೊಡ್ಡ ಮೇಷ್ಟ್ರು ಅಂತ ಯಾರೂ ಇರಲಿಲ್ಲ. ಶಾಲೆಯ ಕೆಲಸ ಬಿಟ್ಟು ಭಾಷಣಕ್ಕೆ ಇಳಿದ ಅವರು ಬದುಕಿನುದ್ದಕ್ಕೂ ಊರೂರು ಸುತ್ತಿ ಮಾತಾಡಿದರು, ಒಂದು ಪುಟವನ್ನೂ ಬರೆಯಲಿಲ್ಲ. ತೀರಿಕೊಂಡ ಮೇಲೆ ಉಳಿದದ್ದು ಕ್ಯಾಸೆಟ್ಟುಗಳು. ಅವನ್ನು ಬರಹಕ್ಕಿಳಿಸಲು ಒಂದು ಟ್ರಸ್ಟ್ ಆಯಿತು, ಆಯ್ದ ನುಡಿಗಳ ಪುಸ್ತಕ ಬಂತು, ಈಗ ಅವರ ಹೆಸರಿನಲ್ಲಿ ಒಂದು ಭವನವೂ ಎದ್ದಿತ್ತು. ಮುಂದಿನ ಸೋಮವಾರ ಉದ್ಘಾಟನೆ. ಭವನದ ಮುಂಬಾಗಿಲ ಪಕ್ಕದ ಕಲ್ಲಿನಲ್ಲಿ ಅವರ ಒಂದು ಮಾತನ್ನು ಕೆತ್ತಿಸಿದ್ದರು.

"ಕಾಯುವವರಿಗೆ ಬಾಗಿಲ ಸದ್ದು ಮೊದಲು ಎದೆಯಲ್ಲಿ ಕೇಳುತ್ತದೆ."

ಕೆಳಗೆ ಮೇಷ್ಟ್ರ ಹೆಸರು. ಡಾಕ್ಟರ ದೂರು ಇಷ್ಟೇ: ಈ ಮಾತು ತಮ್ಮ ತಂದೆಯದಲ್ಲ. ಉದ್ಘಾಟನೆಯೊಳಗೆ ಅದು ಕಲ್ಲಿನಿಂದ ಹೋಗಬೇಕು.

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದರು. ತಿಳಿಯದ ವಿಷಯ ಎದುರಾದರೆ ಅವರು ಮಾಡುತ್ತಿದ್ದದ್ದೇ ಅದು.

"ಅವರ ಭಾಷಣ ಎಲ್ಲಾ ಕೇಳಿದೀರಾ?"

"ಒಂದೂ ಪೂರ್ತಿ ಕೇಳಿಲ್ಲ."

"ಮತ್ತೆ ಅವರದ್ದಲ್ಲ ಅಂತ ಹೇಗೆ ಹೇಳ್ತೀರಿ?"

"ಅಪ್ಪ ಯಾವತ್ತೂ ಯಾರಿಗೂ ಕಾದವರಲ್ಲ, ಸಾರ್. ಕಾಯಿಸಿದವರು. ಇದು ಕಾದವರ ಮಾತು. ಕಾದಿದ್ದು ನಾನು, ನನಗೆ ಗೊತ್ತಾಗುತ್ತೆ."

ಇಷ್ಟರ ಮೇಲೆ ಎಫ್‌ಐಆರ್ ಆಗುವುದಿಲ್ಲ ಎಂದು ಇನ್ಸ್‌ಪೆಕ್ಟರು ಮೃದುವಾಗಿಯೇ ಹೇಳಿದರು. ಆಗ ಡಾಕ್ಟರು ಚೀಲದಿಂದ ಒಂದು ಕ್ಯಾಸೆಟ್ಟು ತೆಗೆದು ಮೇಜಿನ ಮೇಲಿಟ್ಟರು. ಪುಸ್ತಕದಲ್ಲಿ ಪ್ರತಿ ನುಡಿಯ ಕೆಳಗೂ ಅದು ಯಾವ ಕ್ಯಾಸೆಟ್ಟಿನದು, ಯಾವ ಬದಿಯದು ಎಂದು ಹಾಕಿರುತ್ತಾರೆ. ಈ ಮಾತಿಗೆ ಹಾಕಿದ್ದು ನಲವತ್ತೊಂದನೇ ಕ್ಯಾಸೆಟ್ಟು. ಟ್ರಸ್ಟಿಗೆ ಹೋಗಿ ಕೇಳಿ ಪಡೆದು, ಮನೆಯಲ್ಲಿ ಸ್ವಲ್ಪ ಹೊತ್ತು ಹಾಕಿ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ.

ಅದು ಉಳಿದವುಗಳ ಹಾಗಿನ ಕ್ಯಾಸೆಟ್ಟಲ್ಲ. ಮೇಷ್ಟ್ರ ದನಿಯನ್ನು ಮನೆಯೊಳಗೆ ಹಿಡಿದದ್ದು ಅದೊಂದೇ. ಡಾಕ್ಟರಿಗೆ ಆಗ ಆರೋ ಏಳೋ ವರ್ಷ. ತಂದೆಯ ಜೊತೆಗಿರುತ್ತಿದ್ದ ಒಬ್ಬರು ಹೊಸ ರೆಕಾರ್ಡರ್ ತಂದು, ಪರೀಕ್ಷೆಗೆಂದು ಒಂದು ಮಧ್ಯಾಹ್ನ ಹಾಗೇ ಓಡಲು ಬಿಟ್ಟಿದ್ದರಂತೆ. ಆ ಕ್ಯಾಸೆಟ್ಟು ಮನೆಯಲ್ಲಿದ್ದಷ್ಟು ಕಾಲವೂ ಡಾಕ್ಟರು ಅದನ್ನು ಕೇಳಿರಲಿಲ್ಲ. ಏಕೆಂದು ಕೇಳಿದ್ದಕ್ಕೆ ಹೇಳಿದರು. ಅಪ್ಪನಿಗೆ ಭಾಷಣದ ಒಂದು ದನಿ ಇತ್ತು. ಮನೆಯ ದನಿ ಬೇರೆ ಇತ್ತೋ ಇಲ್ಲವೋ ಅವರಿಗೆ ನೆನಪಿಲ್ಲ. ಕ್ಯಾಸೆಟ್ಟಿನಲ್ಲೂ ಭಾಷಣದ ದನಿಯೇ ಇದ್ದರೆ ಏನು ಮಾಡುವುದು ಎಂಬ ಹೆದರಿಕೆ. ಇವತ್ತು ಬೇಡ, ಇನ್ನೊಂದು ದಿನ ಎನ್ನುತ್ತಾ ಬಂದು, ಕೊನೆಗೆ ಯಾರಾದರೂ ಟೈಪ್ ಮಾಡಿದರೆ ಮೊದಲು ಓದಿ ನೋಡಬಹುದು ಎಂದು ಟ್ರಸ್ಟಿಗೆ ಕೊಟ್ಟಿದ್ದರು.

"ಯಾರೋ ಅಳಿಸಿದಾರೆ," ಎಂದರು. "ಅಳಿಸಿ, ಅಪ್ಪ ಹೇಳದೇ ಇದ್ದ ಮಾತನ್ನ ಅಪ್ಪನ ಬಾಯಿಗೆ ಇಟ್ಟಿದಾರೆ."

ಇದಕ್ಕೆ ಎಫ್‌ಐಆರ್ ಆಗುತ್ತಿತ್ತು. ಹನ್ನೊಂದೂಕಾಲಿಗೆ ನಾನು ಬರೆದೆ. ಆರೋಪಿಯ ಜಾಗದಲ್ಲಿ 'ಅಪರಿಚಿತರು'. ಡಾಕ್ಟರು ಹೋದಮೇಲೆ ರೇಡಿಯೋ ಬಾಯಿ ಮೇಲಿನ ಕೈ ತೆಗೆದು, ಚಿನ್ನ ಕದ್ದವರನ್ನು ಹಿಡಿಯಲು ಆಗುತ್ತಿಲ್ಲ, ಇನ್ನು ಮಾತು ಕದ್ದವರನ್ನು ಎಲ್ಲಿ ಹುಡುಕೋಣ ಎಂದಳು. ಕದ್ದಿಲ್ಲ, ಇಟ್ಟಿದ್ದಾರೆ, ಸರಿಯಾಗಿ ಕೇಳಿಸಿಕೋ ಎಂದರು ಇನ್ಸ್‌ಪೆಕ್ಟರು.

ಅದೇ ದಿನ ಮಧ್ಯಾಹ್ನ ಭವನದ ಬಾಗಿಲಲ್ಲಿ ಪಂಚನಾಮೆ ಆಯಿತು. ಕಲ್ಲಿನ ಅಳತೆ, ಅಕ್ಷರದ ಎತ್ತರ, ಹೆಸರಿನ ಜಾಗ ಎಲ್ಲವನ್ನೂ ಬರೆದುಕೊಂಡೆ. ಒಳಗೆ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಕುರ್ಚಿಗಳ ಮೇಲೆ ಪ್ಲಾಸ್ಟಿಕ್ ಹಾಗೇ ಇತ್ತು. ಕಲ್ಲು ಕೆತ್ತಿದವನನ್ನು ಕರೆಸಿದರು. ಮಾತು ಯಾರದೆಂದು ಅವನಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

"ಕೊಟ್ಟ ಚೀಟಿ ನೋಡಿ ಕೆತ್ತೋನು ಸಾರ್ ನಾನು. ಯಾರದು ಅಂತ ಕಲ್ಲು ಕೇಳಲ್ಲ, ನಾನೂ ಕೇಳಲ್ಲ."

ಚೀಟಿ ಕೊಟ್ಟವರು ಟ್ರಸ್ಟಿನ ಕಾರ್ಯದರ್ಶಿ. ಮೇಷ್ಟ್ರ ಹಿಂದೆ ಊರೂರಿಗೆ ರೆಕಾರ್ಡರ್ ಹೊತ್ತು ತಿರುಗಿದವರು ಇವರೇ. ಆ ಮಧ್ಯಾಹ್ನ ಮನೆಯಲ್ಲಿ ಅದನ್ನು ಓಡಲು ಬಿಟ್ಟವರೂ ಇವರೇ. ಎಪ್ಪತ್ತು ದಾಟಿದ್ದರೂ ನೆಟ್ಟಗೆ ನಿಲ್ಲುತ್ತಿದ್ದರು, ಕಂಕುಳಲ್ಲಿ ಸದಾ ಒಂದು ಫೈಲು. ಡಾಕ್ಟರ ಮೇಲೆ ಅವರಿಗೆ ಮುನಿಸಿತ್ತು. ತಂದೆ ಬದುಕಿದ್ದಾಗ ಒಂದು ಸಭೆಗೂ ಬಾರದ ಮಗಳು ಈಗ ಅವರ ಮಾತು ಯಾವುದು ಎಂದು ಹೇಳಲು ಬಂದಿದ್ದಾಳೆ ಎಂಬುದು ಅವರ ತಕರಾರು. ಮಾತು ಅಪ್ಪಟ ಮೇಷ್ಟ್ರದ್ದು, ತಾವೇ ಸಹಿ ಹಾಕಿ ದೃಢೀಕರಿಸಿದ್ದೇವೆ ಎಂದರು. ಫೈಲು ಬಿಚ್ಚಿ ತೋರಿಸಿದರು. ಪ್ರತಿ ನುಡಿಯ ಎದುರು 'ಮೂಲದೊಂದಿಗೆ ತಾಳೆ ನೋಡಿದೆ' ಎಂಬ ಮೊಹರು, ಕೆಳಗೆ ಅವರ ಸಹಿ.

"ಮೂಲ ಅಂದರೆ ಕ್ಯಾಸೆಟ್ಟು ತಾನೇ?"

"ಟೈಪಾದ ಹಾಳೆ, ಸಾರ್."

"ಕ್ಯಾಸೆಟ್ಟು ಹಾಕಿ ಕೇಳಲಿಲ್ವಾ?"

"ನಮ್ಮ ಟೈಪಿಸ್ಟಮ್ಮನ ಹಾಳೆಯಲ್ಲಿ ಒಂದು ಕೆಮ್ಮೂ ತಪ್ಪಿ ಹೋಗಲ್ಲ. ಅದನ್ನ ಮತ್ತೆ ಕೇಳೋದು ಯಾಕೆ?"

ಮಂಗಳವಾರ ಇನ್ಸ್‌ಪೆಕ್ಟರು ಮಾತಿನ ಬೆನ್ನು ಹಿಡಿದು ಹಿಂದಕ್ಕೆ ನಡೆದರು. ಆ ಸಾಲು ಎರಡು ಪತ್ರಿಕೆಗಳಲ್ಲಿ ಬಂದಿತ್ತು. ಒಂದರವರು ಇನ್ನೊಂದರಿಂದ ತೆಗೆದುಕೊಂಡಿದ್ದರು, ಇನ್ನೊಂದರವರು ಪುಸ್ತಕದಿಂದ. ಒಬ್ಬ ಪ್ರಾಧ್ಯಾಪಕರು ಅದರ ಮೇಲೆ ಉದ್ದದ ಪ್ರಬಂಧ ಬರೆದು, ಮೇಷ್ಟ್ರ ಚಿಂತನೆಯಲ್ಲಿ ಇದೊಂದು ತಿರುವು ಎಂದಿದ್ದರು. ಅವರೂ ನೋಡಿದ್ದು ಪುಸ್ತಕವನ್ನೇ. ಪುಸ್ತಕ ಬಂದದ್ದು ಹಾಳೆಯಿಂದ. ಹಾಳೆ ಬಂದದ್ದು ಕ್ಯಾಸೆಟ್ಟಿನಿಂದ. ಒಬ್ಬರ ಹಿಂದೆ ಒಬ್ಬರು ಬೆನ್ನು ಹಿಡಿದು ನಿಂತ ಮಕ್ಕಳ ರೈಲಿನ ಹಾಗೆ, ಎಂಜಿನ್ ಮಾತ್ರ ಇಲ್ಲ ಎಂದು ರೇಡಿಯೋ ಹೇಳಿದಳು. ನಲವತ್ತೊಂದನೇ ಕ್ಯಾಸೆಟ್ಟನ್ನೇ ಮೂಲವಾಗಿ ತೋರಿಸಿದ ಇನ್ನೂ ಮೂರು ನುಡಿಗಳು ಪುಸ್ತಕದಲ್ಲಿದ್ದವು. ಅವನ್ನು ನಾನು ಪಟ್ಟಿಗೆ ಸೇರಿಸಿದೆ.

"ಇಳಿಯುವವರಿಗೆ ಮೊದಲು ದಾರಿ ಬಿಡಿ, ನೀವು ಏರುವುದು ಎಲ್ಲಿಗೂ ಓಡಿಹೋಗುವುದಿಲ್ಲ."

"ಮನುಷ್ಯ ಒಬ್ಬನೇ ಇದ್ದಾಗ ಕನ್ನಡಿ ನೋಡುತ್ತಾನೆ, ಇನ್ನೊಬ್ಬ ಬಂದರೆ ನೆಲ ನೋಡುತ್ತಾನೆ."

"ಕೆಟ್ಟು ನಿಂತಾಗಲೇ ಜೊತೆಗಿದ್ದವರ ಹೆಸರು ಕೇಳುವುದು."

ಮೊದಲನೆಯದನ್ನು ಪ್ರಾಧ್ಯಾಪಕರು ಅಧಿಕಾರದ ಬಗ್ಗೆ ಹೇಳಿದ್ದೆಂದು ವಿವರಿಸಿದ್ದರು.

ಕ್ಯಾಸೆಟ್ಟುಗಳ ಬೀರುವಿಗೆ ಎರಡು ಬೀಗದ ಕೈ. ಒಂದು ಕಾರ್ಯದರ್ಶಿಯ ಹತ್ತಿರ, ಇನ್ನೊಂದು ಟೈಪಿಸ್ಟಮ್ಮನ ಹತ್ತಿರ. ಆಕೆಯ ಕೋಣೆ ಟ್ರಸ್ಟಿನ ಕಚೇರಿಯ ಹಿಂಬದಿಗಿತ್ತು. ಒಂದು ಕಿಟಕಿ, ಒಂದು ಫ್ಯಾನು, ಅಲುಗಿದರೆ ಕಿರ್ ಎನ್ನುವ ಮರದ ಕುರ್ಚಿ, ಟೈಪ್‌ರೈಟರ್, ಅದರ ಪಕ್ಕ ಕೈಚೀಲದಷ್ಟು ದೊಡ್ಡ ಹಳೆಯ ರೆಕಾರ್ಡರ್, ಕಿವಿಗೆ ಹಾಕುವ ಇಯರ್‌ಫೋನು. ಅರವತ್ತರ ಹತ್ತಿರದ ಹೆಂಗಸು, ಕಿವಿಯ ಮೇಲಿನ ಕೂದಲು ಇಯರ್‌ಫೋನಿನ ಪಟ್ಟಿಗೆ ಒತ್ತಿ ಒತ್ತಿ ಸವೆದಂತಿತ್ತು. ಕೇಳಿದ್ದನ್ನು ಟೈಪ್ ಮಾಡಿದೆ, ಕ್ಯಾಸೆಟ್ಟು ಹಳೆಯದು, ತಾನಾಗಿ ಹಾಳಾಗಿರಬಹುದು ಎಂದರು. ದನಿ ಏರಲಿಲ್ಲ, ಇಳಿಯಲಿಲ್ಲ. ನಾವು ಅವರನ್ನು ಅಲ್ಲಿಗೇ ಬಿಟ್ಟೆವು.

ಸಂಶಯ ಕಾರ್ಯದರ್ಶಿಯ ಮೇಲೆ ನಿಂತಿತು. ಕ್ಯಾಸೆಟ್ಟಿನ ಮೇಲಿನ ಚೀಟಿಯಲ್ಲಿ 'ಮನೆ. ಉಪಯೋಗಕ್ಕೆ ಬಾರದ್ದು' ಎಂದು ಬರೆದದ್ದು ಅವರ ಕೈ. ಮೇಷ್ಟ್ರನ್ನು ಇನ್ನಷ್ಟು ದೊಡ್ಡವರನ್ನಾಗಿ ಮಾಡುವ ಆಸೆ ಅವರಿಗಿತ್ತು, ಮಗಳ ಮೇಲೆ ಸಿಟ್ಟಿತ್ತು, ಬೀಗದ ಕೈ ಇತ್ತು. ಬುಧವಾರ ಮಧ್ಯಾಹ್ನ ಅವರನ್ನು ಠಾಣೆಗೆ ಕರೆಸಿ ಬೆಂಚಿನ ಮೇಲೆ ಕೂರಿಸಿದ್ದರು. ಬಂಧನದ ಕಾಗದವನ್ನು ನಾನು ಅರ್ಧ ತುಂಬಿದ್ದೆ ಎಂಬುದನ್ನೂ ಹೇಳಬೇಕು.

ಬಂಧಿಸುವ ಮೊದಲು ಕ್ಯಾಸೆಟ್ಟಿನಲ್ಲಿ ಏನೂ ಇಲ್ಲ ಎಂಬುದನ್ನು ನಾವೇ ಕೇಳಿ ದಾಖಲಿಸಬೇಕು ಎಂದರು ಇನ್ಸ್‌ಪೆಕ್ಟರು. ಕೇಳಿದವರು ಹೇಳಿದ್ದು ನಮಗೆ ನಡೆಯುವುದಿಲ್ಲ, ಕೇಳಿದ್ದೇ ಬೇಕು. ಟೇಪ್ ರಿಪೇರಿಯವನಿಂದ ಒಂದು ಪ್ಲೇಯರ್ ತರಿಸಿ ಹಾಕಿದೆವು. ಸದ್ದಿಲ್ಲ. ಐದು ನಿಮಿಷ ಆದಮೇಲೆ ರೇಡಿಯೋ ಕೈ ಎತ್ತಿದಳು.

"ಸಾರ್, ಇದರಲ್ಲಿ ಫ್ಯಾನ್ ತಿರುಗ್ತಿದೆ."

ತಿರುಗುತ್ತಿರುವುದು ನಮ್ಮ ಫ್ಯಾನು ಎಂದೆ ನಾನು. ಅವಳು ಎದ್ದು ಠಾಣೆಯ ಫ್ಯಾನು ಆರಿಸಿದಳು. ಕ್ಯಾಸೆಟ್ಟಿನೊಳಗಿನದು ತಿರುಗುತ್ತಲೇ ಇತ್ತು.

ರಿಪೇರಿಯವನು ನಕ್ಕ. ಅಂಗಡಿಯ ಯಂತ್ರದಲ್ಲಿ ಅಳಿಸಿದ್ದರೆ ಏನೂ ಇರುತ್ತಿರಲಿಲ್ಲ. ಯಾರೋ ರೆಕಾರ್ಡರಿಗೆ ಕ್ಯಾಸೆಟ್ಟು ಹಾಕಿ, ಮೈಕು ಚುಚ್ಚದೆ, ರೆಕಾರ್ಡ್ ಗುಂಡಿ ಒತ್ತಿ ಓಡಲು ಬಿಟ್ಟಿದ್ದಾರೆ. ಮೈಕು ಇಲ್ಲದಿದ್ದರೆ ಏನೂ ಹಿಡಿಯುವುದಿಲ್ಲ ಎಂದುಕೊಂಡಿದ್ದಾರೆ. ಆದರೆ ಅಂಥ ಹಳೆಯ ರೆಕಾರ್ಡರಿನ ಹೊಟ್ಟೆಯಲ್ಲೇ ಒಂದು ಮೈಕು ಇರುತ್ತದೆ. ದಿನವಿಡೀ ಇಯರ್‌ಫೋನು ಹಾಕಿಕೊಂಡು ಬರೀ ಕೇಳುವವರಿಗೆ, ಯಂತ್ರಕ್ಕೂ ಕಿವಿ ಇದೆ ಎಂಬುದು ಮರೆತುಹೋಗುತ್ತದೆ ಎಂದ.

ಎಲ್ಲರೂ ಪ್ಲೇಯರಿನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡು ಕೂತೆವು. ಒಂದು ಕೋಣೆಯ ಸದ್ದು ಅದು. ಫ್ಯಾನು, ಆಗಾಗ ಕಿಟಕಿಯ ಕದ, ಕಿರ್ ಎನ್ನುವ ಕುರ್ಚಿ. ಎರಡನೆಯ ಬದಿಯಲ್ಲಿ ಟೈಪ್‌ರೈಟರಿನ ಸದ್ದು ಶುರುವಾಯಿತು. ಸ್ವಲ್ಪ ಹೊಡೆದು ನಿಲ್ಲುವುದು, ಹಾಳೆ ಎಳೆಯುವುದು, ಹೊಸದು ಸುತ್ತುವುದು. ರೇಡಿಯೋ ಬಾಯಿ ತೆರೆದಿರಲಿಲ್ಲ. ಅವಳನ್ನು ಅಷ್ಟು ಹೊತ್ತು ಸುಮ್ಮನೆ ನಾನು ಕಂಡದ್ದು ಅದೇ ಮೊದಲು. ಬದಿ ಮುಗಿಯುತ್ತ ಬಂದಿತ್ತು. ಆಗ ಹೆಂಗಸಿನ ದನಿಯೊಂದು, ಯಾರನ್ನೋ ಎಬ್ಬಿಸಬಾರದೆನ್ನುವ ಹಾಗೆ ಓದಿತು.

"ಕಾಯುವವರಿಗೆ ಬಾಗಿಲ ಸದ್ದು ಎದೆಯಲ್ಲಿ ಮೊದಲು... ಮೊದಲು ಎದೆಯಲ್ಲಿ ಕೇಳುತ್ತದೆ."

ಸ್ವಲ್ಪ ಬಿಟ್ಟು, "ಹೀಗೇ ಅಲ್ವೇನ್ರೀ ನೀವು ಅಂದಿದ್ದು?"

ಅಷ್ಟೇ. ಆಮೇಲೆ ಫ್ಯಾನು. ಟೇಪು ಟಕ್ಕೆಂದು ನಿಲ್ಲುವವರೆಗೂ ಫ್ಯಾನು.

ಬೆಂಚಿನ ಮೇಲಿದ್ದ ಕಾರ್ಯದರ್ಶಿಯ ಕಂಕುಳಿಂದ ಫೈಲು ಜಾರಿ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. "ಟೈಪಿಸ್ಟಮ್ಮ," ಎಂದರು. "ಅಯ್ಯೋ ದೇವರೇ, ನಮ್ಮ ಟೈಪಿಸ್ಟಮ್ಮ."

ನಾನು ಅರ್ಧ ತುಂಬಿದ್ದ ಕಾಗದವನ್ನು ಹರಿದುಹಾಕಿದೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಇನ್ಸ್‌ಪೆಕ್ಟರು, ರೇಡಿಯೋ, ನಾನು ಆಕೆಯ ಮನೆಗೆ ಹೋದೆವು. ಮೇಲ್ಮಹಡಿಯ ಎರಡು ಕೋಣೆಯ ಬಾಡಿಗೆ ಮನೆ. ಬಾಗಿಲು ಓರೆಯಾಗಿ ತೆರೆದೇ ಇತ್ತು. ಒಳಗೆ ಮೊಳೆಯಲ್ಲಿ ಬೂದು ಬಣ್ಣದ ಗಂಡಸಿನ ಕೋಟು, ಇಸ್ತ್ರಿ ಮಾಡಿದ್ದು, ಜೇಬಿನ ಮೇಲೆ ಹಿತ್ತಾಳೆಯ ಬಿಲ್ಲೆ: ಲಿಫ್ಟ್. ಆಕೆ ನಮ್ಮನ್ನು ನೋಡಿ ಗಾಬರಿಯಾಗಲಿಲ್ಲ. ಕುರ್ಚಿ ಸಾಲದೆಂದು ಪಕ್ಕದ ಮನೆಯಿಂದ ಒಂದು ತರಲು ಹೊರಟರು, ರೇಡಿಯೋ ತಾನು ನೆಲದಲ್ಲೇ ಕೂರುತ್ತೇನೆಂದು ತಡೆದಳು. ಕ್ಯಾಸೆಟ್ಟಿನಲ್ಲಿ ದನಿ ಉಳಿದಿದೆ ಎಂದು ಇನ್ಸ್‌ಪೆಕ್ಟರು ಹೇಳಿದರು.

"ನನ್ನದಾ?" ಎಂದರು ಆಕೆ. ಅಚ್ಚರಿಗಿಂತ ಬೇಸರವೇ ಹೆಚ್ಚಿತ್ತು. "ನನ್ನ ದನಿ ಯಾರಿಗೆ ಬೇಕು."

ಹೇಳಿಕೆಯನ್ನು ನಾನು ಬರೆದುಕೊಂಡೆ. ಆಕೆಯ ಗಂಡ ಏಳು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದರು. ಮಾತುಗಾರ ಮನುಷ್ಯ, ಆದರೆ ಯಾವ ಮಾತನ್ನೂ ಜನ ಇಳಿಯುವುದರೊಳಗೆ ಮುಗಿಸಬೇಕಿತ್ತು. ಹಾಗಾಗಿ ಚಿಕ್ಕದಾಗಿ ಹೇಳುವ ಅಭ್ಯಾಸ. ಆವತ್ತು ಹೊಳೆದದ್ದನ್ನು ಸಂಜೆ ಊಟದ ಹೊತ್ತಿಗೆ ಹೆಂಡತಿಗೂ ಹೇಳುತ್ತಿದ್ದರು. ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ, ಕೋಟು ಹಾಕಿಕೊಳ್ಳುತ್ತಾ ಕುಸಿದು ಹೋದರು. ಮಕ್ಕಳಿರಲಿಲ್ಲ.

"ಇವು ಅವರ ಮಾತು ಅನ್ನೋದಕ್ಕೆ ಬರೆದಿಟ್ಟಿದ್ದು ಏನಾದರೂ ಇದೆಯಾ ಅಮ್ಮ? ಡೈರಿ, ಕಾಗದ?"

"ಲಿಫ್ಟಲ್ಲಿ ನಿಂತು ಬರೆಯೋಕೆ ಎಲ್ಲಿ ಆಗುತ್ತೆ ಸಾರ್. ಬರೆಯೋ ಪೈಕಿ ಅಲ್ಲ ಅವರು."

"ದನಿ? ಯಾವುದಾದರೂ ಟೇಪು?"

ಆಕೆ ಆ ಕೋಟಿನ ಕಡೆ ನೋಡಿದರು. ಮುಂದಿನದನ್ನು ಅವರು ಹೇಳಿದ ಹಾಗೆಯೇ ಬರೆದಿದ್ದೇನೆ, ಒಂದು ಅಕ್ಷರ ತಿದ್ದಿಲ್ಲ.

"ದಿನವೆಲ್ಲಾ ಬೇರೆಯವರ ಮನೆಯಲ್ಲಿ ಸತ್ತವರ ದನಿ ನನ್ನ ಕಿವಿಯಲ್ಲಿ. ಅವರು ಕೆಮ್ಮಿದ್ದು, ನೀರು ಕುಡಿದಿದ್ದು, ಎಲ್ಲಾ ಟೈಪ್ ಮಾಡಿದೀನಿ. ಸಂಜೆ ಮನೆಗೆ ಬಂದರೆ ನಮ್ಮನೆಯವರದ್ದು ಒಂದು ಆಕಳಿಕೆನೂ ಇಲ್ಲ ಸಾರ್. ಮೊದಮೊದಲು ಅವರ ಮಾತೆಲ್ಲಾ ನೆನಪಿತ್ತು. ಆಮೇಲೆ ಒಂದೊಂದೇ ಪದ ಅತ್ತಿತ್ತ ಆಗೋಕೆ ಶುರುವಾಯ್ತು. ನಾನು ತಪ್ಪು ಹೇಳಿದರೆ ತಿದ್ದೋಕೆ ಯಾರಿದಾರೆ? ಅದಕ್ಕೇ ಎಲ್ಲಾದರೂ ಒಂದು ಕಡೆ ಅಚ್ಚಾಗಿ ಕೂತುಬಿಡಲಿ ಅಂತ."

ಆ ಸಾಲುಗಳನ್ನು ಮೊದಲು ಗಂಡನ ಹೆಸರಿನಲ್ಲೇ ಟ್ರಸ್ಟಿನ ಮಾಸಪತ್ರಿಕೆಗೆ ಕೊಡಲು ಹೋಗಿದ್ದರಂತೆ. ಲಿಫ್ಟಿನವರ ಮಾತನ್ನು ಯಾರಮ್ಮಾ ಓದುತ್ತಾರೆ ಎಂದು ಕಾರ್ಯದರ್ಶಿ ನಕ್ಕು ಹಿಂದಕ್ಕೆ ಕೊಟ್ಟರು. ಕೆಲವು ತಿಂಗಳ ಮೇಲೆ ಅದೇ ಸಾಲು ಮೇಷ್ಟ್ರ ಹೆಸರಿನ ಹಾಳೆಯಲ್ಲಿ ಅವರ ಮುಂದೆ ಬಂದಾಗ ಪಕ್ಕದಲ್ಲಿ ನಕ್ಷತ್ರದ ಗುರುತು ಹಾಕಿ, ಕಲ್ಲಿಗೆ ಇದೇ ಆಗಲಿ ಎಂದರು. ಈ ವಿಷಯವನ್ನು ಕಾರ್ಯದರ್ಶಿಯವರನ್ನೂ ಕೇಳಿ ಖಾತ್ರಿ ಮಾಡಿಕೊಂಡೆವು. ಹಿಂದಕ್ಕೆ ಕೊಟ್ಟದ್ದು ಅವರಿಗೆ ಜ್ಞಾಪಕವಿತ್ತು, ಸಾಲುಗಳು ಜ್ಞಾಪಕವಿರಲಿಲ್ಲ.

ಆ ಕ್ಯಾಸೆಟ್ಟನ್ನೇ ಏಕೆ ಆರಿಸಿದಿರಿ ಎಂದು ಇನ್ಸ್‌ಪೆಕ್ಟರು ಕೇಳಿದರು. ಮಿಕ್ಕವುಗಳನ್ನು ಸಾವಿರಾರು ಜನ ಎದುರಿಗೆ ಕೂತು ಕೇಳಿದ್ದಾರೆ, ಹೊಸ ಮಾತು ಸೇರಿಸಿದರೆ ಯಾರಾದರೂ ಗುರುತು ಹಿಡಿಯುತ್ತಾರೆ. ಇದನ್ನು ಯಾರೂ ಕೇಳಿರಲಿಲ್ಲ, ಮೇಲಾಗಿ ಉಪಯೋಗಕ್ಕೆ ಬಾರದ್ದು ಎಂದು ಬರೆದಿತ್ತು, ಅಳಿಸಿಬಿಟ್ಟರೆ ಮುಂದೆಯೂ ಯಾರಿಗೂ ತಾಳೆ ನೋಡಲಾಗದು ಎಂದರು. ಅದು ಒಬ್ಬ ಮಗಳು ಕೇಳದೆ ಎತ್ತಿಟ್ಟದ್ದು ಎಂದು ಇನ್ಸ್‌ಪೆಕ್ಟರು ತಿಳಿಸಿದಾಗ ಆಕೆ ಮೊದಲ ಬಾರಿಗೆ ತಲೆ ತಗ್ಗಿಸಿದರು. ತನಗೆ ಗೊತ್ತಿರಲಿಲ್ಲ ಎಂದರು. ನಾನು ಅದನ್ನೂ ಬರೆದುಕೊಂಡೆ.

ತಪ್ಪೊಪ್ಪಿಗೆ ಸಿಕ್ಕಿತ್ತು. ಅಲ್ಲಿಗೇ ಬಂಧಿಸಿ ಕರೆತರಬಹುದಿತ್ತು. ಆದರೆ ಇನ್ಸ್‌ಪೆಕ್ಟರು ರೇಡಿಯೋಳನ್ನು ಅಲ್ಲೇ ಬಿಟ್ಟು, ನನ್ನನ್ನು ಕರೆದುಕೊಂಡು ಆ ಏಳು ಮಹಡಿಯ ಕಟ್ಟಡಕ್ಕೆ ಹೋದರು. ಒಂದು ಮಾತು ಮೇಷ್ಟ್ರದ್ದಲ್ಲ ಎಂದು ಬರೆಯುವಾಗ ಯಾರದು ಎಂದೂ ಬರೆಯಬೇಕಲ್ಲ ಎಂಬುದು ಅವರ ಲೆಕ್ಕ. ಪ್ರಕರಣಕ್ಕೆ ಅದರ ಅಗತ್ಯ ಇರಲಿಲ್ಲ.

ಲಿಫ್ಟು ಈಗ ನಡೆಸುವವರಿಲ್ಲದೆ ತಾನಾಗಿಯೇ ನಡೆಯುತ್ತಿತ್ತು. ಯಾವುದೋ ಹುಡುಗಿಯ ದನಿ ಪ್ರತಿ ಮಹಡಿಯ ಸಂಖ್ಯೆಯನ್ನು ಒಂದೇ ಸಮನೆ ಹೇಳುತ್ತಿತ್ತು. ಒಳಗೆ ಹಿಂಬದಿಗೆ ಉದ್ದದ ಕನ್ನಡಿ. ನಾವಿಬ್ಬರೂ ಹತ್ತಿದೆವು. ಮೂರನೆಯ ಮಹಡಿಯಲ್ಲಿ ಇನ್ನೊಬ್ಬರು ಹತ್ತಿದರು, ಮೂವರೂ ನೆಲ ನೋಡತೊಡಗಿದೆವು. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿದರು.

ಪ್ರತಿ ಮಹಡಿಯಲ್ಲೂ ಹಳಬರನ್ನು ಹುಡುಕಿ ವಿಚಾರಿಸಿದೆವು. ಲಿಫ್ಟಿನವರು ಎಲ್ಲರಿಗೂ ನೆನಪಿದ್ದರು. ಕೋಟು ನೆನಪಿತ್ತು, ನಗು ನೆನಪಿತ್ತು, ಹತ್ತುವಾಗ ಕೈ ಹುಷಾರು ಎನ್ನುತ್ತಿದ್ದದ್ದು ನೆನಪಿತ್ತು. ನಮ್ಮ ಪಟ್ಟಿಯ ಸಾಲುಗಳನ್ನು ಮೊದಲೇ ಓದಿ ಹೇಳಬಾರದೆಂದು ಇನ್ಸ್‌ಪೆಕ್ಟರು ತಾಕೀತು ಮಾಡಿದ್ದರು. ನಾವು ಹೇಳಿಕೊಟ್ಟರೆ ಅವರು ಹೌದು ಅಂದುಬಿಡುತ್ತಾರೆ. ಆರನೆಯ ಮಹಡಿಯ ಲೆಕ್ಕಿಗರೊಬ್ಬರು ಕನ್ನಡಕ ತೆಗೆದು ಬಹಳ ಹೊತ್ತು ಯೋಚಿಸಿದರು.

"ದಿನಾ ಏನೋ ಒಂದು ಹೇಳೋರು ಸಾರ್. ಸೀಟಿಗೆ ಬಂದು ಕೂತಮೇಲೂ ನಗ್ತಾ ಇರ್ತಿದ್ದೆ. ಏನು ಅಂತ... ಬಾಯಲ್ಲೇ ಇದೆ. ಬರ್ತಾ ಇಲ್ಲ."

ನಾವು ಕಾದೆವು. ಬರಲಿಲ್ಲ. ಬಂದರೆ ಠಾಣೆಗೆ ಫೋನು ಮಾಡುತ್ತೇನೆ ಎಂದು ಮೆಟ್ಟಿಲವರೆಗೂ ಬಂದು ಹೇಳಿದರು.

ಸಂಜೆ ಐದು ಗಂಟೆಗೆ ಠಾಣೆಯಲ್ಲಿ ಬಂಧನ ದಾಖಲಾಯಿತು. ನಕಲಿ ದಾಖಲೆ ಸೃಷ್ಟಿ, ಸ್ವತ್ತು ನಾಶ. ಡಾಕ್ಟರನ್ನು ಇನ್ಸ್‌ಪೆಕ್ಟರೇ ಕರೆಸಿದ್ದರು. ಅವರು ಬಂದು ಟೈಪಿಸ್ಟಮ್ಮನ ಎದುರಿನ ಕುರ್ಚಿಯಲ್ಲಿ ಕುಳಿತರು. ಬೈಯಬಹುದು, ಅಳಬಹುದು ಎಂದುಕೊಂಡಿದ್ದೆ. ರೇಡಿಯೋ ನೀರಿನ ಲೋಟ ಹಿಡಿದು ಗೋಡೆಗೆ ಒರಗಿ ನಿಂತಿದ್ದಳು.

"ಅಳಿಸೋ ಮುಂಚೆ ಕೇಳಿದ್ರಾ?" ಎಂದರು ಡಾಕ್ಟರು.

"ಪೂರ್ತಿ ಕೇಳಿದೀನಮ್ಮ. ಕೇಳದೆ ನಾನು ಯಾವುದನ್ನೂ..." ಎಂದು ಟೈಪಿಸ್ಟಮ್ಮ ಅಲ್ಲಿಗೇ ನಿಲ್ಲಿಸಿದರು.

"ಭಾಷಣದ ದನೀಲಿ ಇತ್ತಾ?"

"ಇಲ್ಲ. ಬೇರೆ ಇತ್ತು. ಸ್ವಲ್ಪ ಗೊಗ್ಗರಾಗಿ, ನಿದ್ದೆಯಿಂದ ಎದ್ದವರ ಹಾಗೆ."

ಡಾಕ್ಟರು ಮುಂದಕ್ಕೆ ಬಾಗಿದರು. ಏನಿತ್ತು ಎಂದು ಅವರು ಕೇಳಲಿಲ್ಲ. ಕೇಳಲು ಆಗಲಿಲ್ಲ ಎಂದು ಕಾಣುತ್ತದೆ. ಟೈಪಿಸ್ಟಮ್ಮ ತಾವಾಗಿಯೇ ಹೇಳಿದರು, ಕಣ್ಣು ಮುಚ್ಚಿಕೊಂಡು, ಕಿವಿಯಲ್ಲಿ ಇಯರ್‌ಫೋನು ಇದ್ದವರ ಹಾಗೆ, ಬೆರಳುಗಳು ಮಡಿಲಲ್ಲಿ ಸಣ್ಣಗೆ ಆಡುತ್ತಿದ್ದವು.

ಬಹುಪಾಲು ಪಾತ್ರೆಯ ಸದ್ದು, ಯಾರೋ ಬಂದು ಹೋದದ್ದು. ನಡುವೆ ಒಂದು ಮಗು ಓಡಿ ಬರುತ್ತದೆ. ಹಲ್ಲು ಬಿತ್ತು ಅನ್ನುತ್ತದೆ. ತಂದೆ ನೋಡೋಣ ಅನ್ನುತ್ತಾರೆ. ಆಮೇಲೆ ಹೇಳುತ್ತಾರೆ:

"ಇದನ್ನ ನನಗೆ ಕೊಡು ಪುಟ್ಟಿ, ಜೇಬಲ್ಲಿ ಇಟ್ಕೋತೀನಿ. ನಾನು ಹೋದ ಕಡೆಗೆಲ್ಲಾ ನೀನೂ ಬಂದ ಹಾಗಾಗುತ್ತೆ."

ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದವರು ಅದನ್ನು ನಿಲ್ಲಿಸಿದರು. ಹಾಗೆ ಹಲ್ಲು ಕೊಟ್ಟದ್ದು ನೆನಪಿದೆಯೇ ಎಂದು ಕೇಳಿದರು. ಡಾಕ್ಟರು ಇಲ್ಲವೆಂದು ತಲೆಯಾಡಿಸಿದರು. ತಂದೆಯ ಕೋಟುಗಳನ್ನು ತೀರಿಕೊಂಡ ವರ್ಷವೇ ಯಾರಿಗೋ ಕೊಟ್ಟದ್ದು, ಜೇಬು ನೋಡಿರಲಿಲ್ಲ.

ಟೈಪಿಸ್ಟಮ್ಮನನ್ನು ಕರೆದೊಯ್ದ ಮೇಲೆ ಡಾಕ್ಟರು ನನ್ನ ಮೇಜಿನ ಬಳಿ ಬಂದರು. ಆ ಮಾತನ್ನು ಒಂದು ಹಾಳೆಯಲ್ಲಿ ಬರೆದುಕೊಡುತ್ತೀರಾ ಎಂದರು. ಬರೆದೆ. ಸಾಲಿನ ಕೆಳಗೆ, ಹೆಸರು ಹಾಕುವ ಜಾಗಕ್ಕೆ ಬಂದು ಪೆನ್ನು ನಿಂತುಬಿಟ್ಟಿತು. ಈ ಪ್ರಕರಣದಲ್ಲಿ ನಾಲ್ಕು ದಿನ ಓಡಾಡಿದ್ದೇ ಆ ಒಂದು ಜಾಗಕ್ಕಾಗಿ.

"ಯಾರು ಹೇಳಿದ್ದು ಅಂತ ಹಾಕಲಿ ಮೇಡಂ?"

ಅವರು ಹಾಳೆಯನ್ನೇ ನೋಡುತ್ತಿದ್ದರು.

"ಅಪ್ಪ ಅಂತ ಹಾಕಿ," ಎಂದರು. ಆಮೇಲೆ, "ಅದೊಂದನ್ನ ಪೆನ್ಸಿಲಲ್ಲಿ ಬರೀರಿ."

ಅವರು ಹೋದಮೇಲೆ ರೇಡಿಯೋ ಬಹಳ ಮೆಲ್ಲಗೆ, ಹಲ್ಲಿನ ಡಾಕ್ಟರಿಗೆ ಹಲ್ಲಿನ ಕತೆ ಕಟ್ಟಿ ಹೇಳುವುದು ಕಷ್ಟವೇನಲ್ಲ ಎಂದಳು. ಯಾರೂ ಅವಳಿಗೆ ಸುಮ್ಮನಿರು ಎನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಕಟ್ಟಿದ್ದರೆ ಚೆನ್ನಾಗಿ ಕಟ್ಟಿದರು ಎಂದೂ ಅಂದಳು.

ಭವನದ ಉದ್ಘಾಟನೆ ಹೇಳಿದ ದಿನವೇ ಆಯಿತು. ಹಿಂದಿನ ದಿನ ಡಾಕ್ಟರು ಕಲ್ಲು ಕೆತ್ತುವವನನ್ನು ಕರೆಸಿ, ಸಾಲನ್ನು ಮುಟ್ಟಬೇಡ, ಹೆಸರನ್ನು ಮಾತ್ರ ತೆಗೆ ಎಂದಿದ್ದರು. ಲಿಫ್ಟಿನವರ ಹೆಸರು ಹಾಕಲು ಟ್ರಸ್ಟಿನವರು ಒಪ್ಪಲಿಲ್ಲ. ಆಧಾರವಿಲ್ಲ ಎಂದರು, ಅದು ನಿಜವೂ ಆಗಿತ್ತು. ಈಗಲೂ ಆ ಮಾತಿನ ಕೆಳಗೆ ಒಂದು ಒರಟು ಪಟ್ಟೆ ಇದೆ. ನ್ಯಾಯಾಲಯದಲ್ಲಿ ಟೈಪಿಸ್ಟಮ್ಮ ಏನನ್ನೂ ಅಲ್ಲಗಳೆಯಲಿಲ್ಲ, ಡಾಕ್ಟರು ಶಿಕ್ಷೆ ಹೆಚ್ಚಿಸಿ ಎಂದು ಕೇಳಲಿಲ್ಲ. ಗಂಡನ ಮಾತು ಗಂಡನ ಹೆಸರಿನಲ್ಲೇ ಇರುವುದು, ನನಗೆ ತಿಳಿದಂತೆ, ನಾನು ಬರೆದ ಆ ಹೇಳಿಕೆಯಲ್ಲಿ ಮಾತ್ರ. ಅದು ಠಾಣೆಯ ಹಳೆಯ ಕಡತಗಳ ಕೋಣೆಯಲ್ಲಿದೆ.

ಆರನೆಯ ಮಹಡಿಯ ಲೆಕ್ಕಿಗರಿಂದ ಫೋನು ಬರಲಿಲ್ಲ. ಕಾಯುವವರ ಮಾತು ಲಿಫ್ಟಿನವರದ್ದೇ ಎನ್ನಲು ಅವರ ಹೆಂಡತಿಯನ್ನು ಬಿಟ್ಟರೆ ಸಾಕ್ಷಿಯಿಲ್ಲ. ಹಲ್ಲಿನ ಮಾತು ಮೇಷ್ಟ್ರದ್ದೇ ಎನ್ನಲೂ ಸಾಕ್ಷಿ ಆಕೆ ಒಬ್ಬರೇ, ಅದೂ ಸುಳ್ಳು ದಾಖಲೆ ಮಾಡಿದ್ದಕ್ಕೆ ಶಿಕ್ಷೆಯಾದವರು. ಎರಡೂ ನಿಜವಿರಬಹುದು. ಎರಡೂ ಆಕೆಯವೇ ಇರಬಹುದು. ಕ್ಯಾಸೆಟ್ಟನ್ನು ನಾವು ಕೊನೆಯವರೆಗೂ ಕೇಳಿದ್ದೇವೆ. ಅದರಲ್ಲಿ ಪ್ರಶ್ನೆ ಇದೆ, ಉತ್ತರ ಇಲ್ಲ. ಯಾರು ಹೇಳಿದ್ದು ಎಂದು ನೀವು ಕೇಳಿದರೆ, ನನಗೆ ಗೊತ್ತಿಲ್ಲ.